ಮುಖಕ್ಕೆ ಸುಣ್ಣ ಬಳಿಯುವವರು

ಕಳೆದ ವರ್ಷ ಉಳ್ಳಾಲದ ನಮ್ಮ ನೆಂಟರ ಮನೆಗೆ ಮದುವೆಯ ಆಲ್ಬಮ್ ಬಂತು. ನಿಕಾಹ್ ಮುಗಿದು ನಾಲ್ಕು ತಿಂಗಳಾಗಿತ್ತು, ಮದುಮಗ ಆಗಲೇ ದಮ್ಮಾಮಿಗೆ ಮರಳಿದ್ದ. ಆಭರಣದ ಪೆಟ್ಟಿಗೆಯಂಥ ಒಂದು ಪೆಟ್ಟಿಗೆ, ಅದರೊಳಗೆ ಮಗುವಿನಷ್ಟು ಭಾರದ ಪುಸ್ತಕ. ಮದುಮಗಳ ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವತೊಡಗಿದರು. ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡು ಈಗ ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಇರುವವರು ಅವರು. ಐದಾರು ಪುಟ ತಿರುವಿದ ಮೇಲೆ ತಲೆಯೆತ್ತಿ ಕೇಳಿದರು: "ಇವಳು ಯಾರು?"

"ನಿಮ್ಮ ಮೊಮ್ಮಗಳು!"

"ಇವಳಲ್ಲ" ಎಂದರು ಅಜ್ಜಿ. ಮತ್ತೆ ಪುಟ ತಿರುವಿದರು.

ಮನೆಯವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಆ ಪುಸ್ತಕ ನಮ್ಮ ಕೈಗೆ ಬಂದಾಗ ಅಜ್ಜಿಯ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಮದುಮಗಳೊಬ್ಬಳೇ ಅಲ್ಲ, ಇಡೀ ಕುಟುಂಬಕ್ಕೆ ಒಂದೇ ಬಣ್ಣ. ಮೈದಾ ಹಿಟ್ಟಿನ ಬಣ್ಣ. ಮೂವತ್ತು ವರ್ಷ ಮೀನು ದೋಣಿಯಲ್ಲಿ ಬಿಸಿಲು ಕುಡಿದ ದೊಡ್ಡಪ್ಪನ ಮುಖದಲ್ಲಿ ಒಂದು ಸುಕ್ಕೂ ಉಳಿದಿಲ್ಲ. ಬೀಡಿ ಎಲೆ ಕತ್ತರಿಸಿ ಕತ್ತರಿಸಿ ಕಪ್ಪಾದ ಅತ್ತೆಯ ಬೆರಳ ತುದಿಗಳನ್ನು ಯಾರೋ ತೊಳೆದಿಟ್ಟಿದ್ದಾರೆ. ಮದುಮಗಳ ಹುಬ್ಬಿನ ಮೇಲೆ, ಚಿಕ್ಕಂದಿನಲ್ಲಿ ಹೊಸ್ತಿಲ ಮೇಲೆ ಬಿದ್ದು ಆದ ಗಾಯದ ಗುರುತೂ ಮಾಯ. ಆ ಗುರುತಿಗೆ ಔಷಧಿ ಹಚ್ಚಿದ್ದು ಇದೇ ಅಜ್ಜಿ. ಅದನ್ನೇ ಹುಡುಕಿ, ಕಾಣದೆ, "ಇವಳಲ್ಲ" ಎಂದಿದ್ದರು.

ನಮಗೆ ಸಿಟ್ಟು ಬಂದದ್ದು ಸ್ಟುಡಿಯೋದವರ ಮೇಲೆ. ತೊಕ್ಕೊಟ್ಟಿಗೆ ಹೋಗುವಾಗ ಹಾದಿಯಲ್ಲಿ ನಿಲ್ಲಿಸಿ ಹುಡುಗನನ್ನು ವಿಚಾರಿಸಿದೆವು. ಇಪ್ಪತ್ತೈದರ ಆಸುಪಾಸಿನ ಹುಡುಗ, ನಯವಾಗಿಯೇ ಮಾತನಾಡಿದ. ಕಂಪ್ಯೂಟರಿನಲ್ಲಿ ಮೂಲ ಚಿತ್ರವನ್ನು ತೆರೆದು ತೋರಿಸಿದ. ಮದರಂಗಿಯ ರಾತ್ರಿ, ಒಳಕೋಣೆ, ಒಂದು ಕಡೆಯಿಂದ ಮಾತ್ರ ಬೆಳಕು. ಹುಡುಗಿ ಕೈ ಚಾಚಿ ಕುಳಿತಿದ್ದಾಳೆ. ಅರ್ಧ ಮುಖ ಬೆಳಕಿನಲ್ಲಿ, ಇನ್ನರ್ಧ ಕೋಣೆಯ ಕತ್ತಲೆಯಲ್ಲಿ ಕರಗಿದೆ. ಹುಬ್ಬಿನ ಗುರುತಿದೆ. ಕಣ್ಣಲ್ಲಿ ನಾಳೆಯ ಭಯವೂ ಇದೆ. ನಿಜ ಹೇಳಬೇಕೆಂದರೆ ನಾವು ಕಥೆ ಬರೆಯಲು ಹೊರಟ ಈ ಇಪ್ಪತ್ತು ವರ್ಷಗಳಲ್ಲಿ ಅಂಥ ಒಂದು ವಾಕ್ಯ ನಮ್ಮ ಕೈಯಿಂದ ಬಂದಿಲ್ಲ.

"ಇಷ್ಟು ಚೆನ್ನಾಗಿ ತೆಗೆದು ಯಾಕಪ್ಪ ಹಾಳು ಮಾಡಿದೆ?"

"ಹಾಳು ಮಾಡದಿದ್ದರೆ ಆಲ್ಬಮ್ ವಾಪಸ್ ಬರುತ್ತದೆ ಸಾರ್. 'ಹುಡುಗಿ ಕಪ್ಪಾಗಿದ್ದಾಳೆ' ಅಂತ ಹೇಳುತ್ತಾರೆ. ದುಡ್ಡು ಕೊಡುವುದಿಲ್ಲ."

ಹುಡುಗ ಹೇಳಿದ್ದು ಸುಳ್ಳಲ್ಲ. ಈ ಲೇಖನ ಅವನ ವಿರುದ್ಧ ಅಲ್ಲ. ದುಡ್ಡು ಕೊಡದ ನಮ್ಮ ವಿರುದ್ಧ.

ಮೊದಲು ಯಂತ್ರದ ಪಾಲನ್ನು ಯಂತ್ರಕ್ಕೆ ಕೊಟ್ಟುಬಿಡೋಣ. ಕ್ಯಾಮೆರಾ ಎಂದೂ ನಿಷ್ಪಕ್ಷಪಾತಿಯಾಗಿರಲಿಲ್ಲ. ಅಮೆರಿಕದ ಕೊಡಾಕ್ ಕಂಪೆನಿ 1950ರ ದಶಕದಿಂದ ಪ್ರಯೋಗಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳಿಸುತ್ತಿತ್ತು. ಅದರಲ್ಲಿದ್ದದ್ದು ಒಬ್ಬ ಬಿಳಿಯ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ 'ಶಿರ್ಲಿ ಕಾರ್ಡ್' ಎಂದೇ ಹೆಸರಾಯಿತು. ಆ ಹೆಂಗಸಿನ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಎಂದರ್ಥ. ಜಗತ್ತಿನ ಉಳಿದವರ ಚರ್ಮ ಹೇಗೆ ಬಂದರೂ ಕೇಳುವವರಿರಲಿಲ್ಲ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಈ ಚರಿತ್ರೆಯನ್ನು ಕೆದಕಿ ಬರೆದಿದ್ದಾರೆ. ಫಿಲ್ಮನ್ನು ಸುಧಾರಿಸುವಂತೆ ಕೊಡಾಕಿನ ಮೇಲೆ ಒತ್ತಡ ತಂದವರಲ್ಲಿ ಕಪ್ಪು ಜನರ ತಾಯಂದಿರಿಗಿಂತ ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣ ಮಾರುವವರೂ ಮುಂದಿದ್ದರಂತೆ. ಹಾಲಿನ ಚಾಕೊಲೇಟಿಗೂ ಕಪ್ಪು ಚಾಕೊಲೇಟಿಗೂ ಚಿತ್ರದಲ್ಲಿ ವ್ಯತ್ಯಾಸ ಕಾಣುತ್ತಿಲ್ಲ ಎಂಬುದು ಅವರ ದೂರು. ಕೊನೆಗೆ ಹೊಸ ಫಿಲ್ಮ್ ಬಂದಾಗ ಕಂಪೆನಿ ಅದನ್ನು ಹೊಗಳಿಕೊಂಡ ರೀತಿ ನೋಡಿ: ಮಬ್ಬು ಬೆಳಕಿನಲ್ಲಿ ಕಪ್ಪು ಕುದುರೆಯ ವಿವರವನ್ನೂ ಇದು ಹಿಡಿಯುತ್ತದೆ ಎಂದು. ಕುದುರೆಯಂತೆ! ಮನುಷ್ಯನ ಹೆಸರೆತ್ತಲೂ ನಾಚಿಕೆ.

ದಕ್ಷಿಣ ಆಫ್ರಿಕಾದ ಕಥೆ ಇದಕ್ಕಿಂತ ಕೆಟ್ಟದ್ದು. ಅಲ್ಲಿನ ವರ್ಣಭೇದ ಸರ್ಕಾರ ಕಪ್ಪು ಜನ ಕೊರಳಿಗೆ ಕಟ್ಟಿಕೊಂಡಂತೆ ಹೊತ್ತು ತಿರುಗಬೇಕಾಗಿದ್ದ ಪಾಸ್ ಪುಸ್ತಕಗಳಿಗೆ ಪೋಲರಾಯ್ಡ್ ಕ್ಯಾಮೆರಾ ಬಳಸುತ್ತಿತ್ತು. ಅದರಲ್ಲಿ ಫ್ಲ್ಯಾಶಿನ ಬೆಳಕನ್ನು ಹೆಚ್ಚಿಸುವ ಒಂದು ಗುಂಡಿಯೂ ಇತ್ತು. ಮದುವೆಗೆ, ಹಬ್ಬಕ್ಕೆ ಕಾಣದಿದ್ದ ಕಪ್ಪು ಮುಖ ಪೊಲೀಸರ ಲೆಕ್ಕಕ್ಕೆ ಮಾತ್ರ ಸ್ಪಷ್ಟವಾಗಿ ಕಾಣಬೇಕಾಗಿತ್ತು. 1970ರಲ್ಲಿ ಅದೇ ಕಂಪೆನಿಯ ಇಬ್ಬರು ಕಪ್ಪು ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ಇದನ್ನು ಪ್ರತಿಭಟಿಸಿದರು. 1977ರಲ್ಲಿ ಕಂಪೆನಿ ಆ ದೇಶದಿಂದ ಕಾಲ್ತೆಗೆಯಿತು. ಅದೇ ದಶಕದ ಕೊನೆಯಲ್ಲಿ ಮೊಜಾಂಬಿಕಿಗೆ ಹೋದ ಫ್ರೆಂಚ್ ಚಿತ್ರ ನಿರ್ದೇಶಕ ಗೊದಾರ್, ಕೊಡಾಕ್ ಫಿಲ್ಮಿನಲ್ಲೇ ಜನಾಂಗ ದ್ವೇಷವಿದೆ ಎಂದು ಹೇಳಿ ಅದನ್ನು ಬಳಸಲು ಒಪ್ಪಲಿಲ್ಲ.

ಇದೆಲ್ಲ ಹಳೆಯ ಮಾತು ಎನ್ನುವವರಿಗೆ ಹೊಸದೂ ಇದೆ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ತಿಮ್ನಿತ್ ಗೆಬ್ರು ಎಂಬಿಬ್ಬರು ಸಂಶೋಧಕಿಯರು, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಹೆಂಗಸರ ವಿಷಯದಲ್ಲಿ ಅದು ಶೇ. 34.7ರ ತನಕ ಹೋಯಿತು. ಇದು ದೂರದ ಅಮೆರಿಕದ ಸಂಗತಿ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ದೇಶದಲ್ಲೂ 2021ರಿಂದ ಪಿಂಚಣಿದಾರರ ಜೀವಿತ ಪ್ರಮಾಣ ಪತ್ರಕ್ಕೆ ಮುಖ ತೋರಿಸುವ ಕ್ರಮ ಬಂದಿದೆ. 2025ರ ಜುಲೈಯಿಂದ ಅಂಗನವಾಡಿಯಲ್ಲಿ ಗರ್ಭಿಣಿಯರು, ಬಾಣಂತಿಯರು ಮನೆಗೊಯ್ಯುವ ಪೌಷ್ಟಿಕ ಆಹಾರಕ್ಕೂ ಫೋನಿನ ಮುಂದೆ ಮುಖ ಹಿಡಿಯಬೇಕಾಗಿದೆ. ಕಿಟಕಿ ಚಿಕ್ಕದಾದ ಕೋಣೆ, ಕರೆಂಟು ಹೋದ ಮಳೆಗಾಲದ ಬೆಳಗ್ಗೆ, ಎಣ್ಣೆಗಪ್ಪು ಮುಖದ ಒಬ್ಬ ಬಾಣಂತಿ. ಯಂತ್ರ ಕಣ್ಣು ಮಿಟುಕಿಸು ಎನ್ನುತ್ತದೆ, ಅವಳು ಮಿಟುಕಿಸುತ್ತಾಳೆ, ಯಂತ್ರ ಅವಳನ್ನು ಕಾಣುವುದಿಲ್ಲ. ಮಬ್ಬು ಬೆಳಕಿನಲ್ಲಿ ಮುಖ ಹೇಗೆ ಮೂಡುತ್ತದೆ ಎಂಬುದು ಶೋಕಿಯ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಇರಲಿ. ಯಂತ್ರದವರು ಒಂದಷ್ಟು ನಾಚಿಕೊಂಡು ತಿದ್ದಿಕೊಳ್ಳುತ್ತಿದ್ದಾರೆ ಎಂಬುದನ್ನೂ ಹೇಳಬೇಕು. ಗೂಗಲ್ 2020ರಲ್ಲಿ ತನ್ನ ಪಿಕ್ಸೆಲ್ ಫೋನುಗಳಲ್ಲಿ ಮುಖ ತಿದ್ದುವ ಸೌಲಭ್ಯ ತಾನಾಗಿ ಚಾಲೂ ಆಗದಂತೆ ಮಾಡಿತು. ಮರುವರ್ಷ ಕಪ್ಪು, ಕಂದು ಚರ್ಮವನ್ನು ಇದ್ದಂತೆ ಹಿಡಿಯುವುದಕ್ಕೆಂದೇ ಕ್ಯಾಮೆರಾವನ್ನು ಪಳಗಿಸಿತು. ವ್ಯಾಪಾರವೇ ಇರಬಹುದು. ಆದರೂ ಮಾಡಿದರು. ನಾವು? ಹೊಸ ಫೋನು ಕೊಂಡ ಮೊದಲ ದಿನವೇ 'ಬ್ಯೂಟಿ' ಎಲ್ಲಿದೆ ಎಂದು ಹುಡುಕುವವರು ನಾವು.

ಮಬ್ಬು ಕೋಣೆಯಲ್ಲಿ ಏನಾಗುತ್ತದೆ ಎಂದು ತಿಳಿದವರು ನಮ್ಮಲ್ಲಿ ಎಷ್ಟು ಜನ? ಕ್ಯಾಮೆರಾ ದಡ್ಡ. ಎದುರಿಗೆ ಕಂಡದ್ದನ್ನೆಲ್ಲ ಕೂಡಿಸಿ ಭಾಗಿಸಿ ಒಂದು ಮಧ್ಯಮ ಬೂದು ಬಣ್ಣಕ್ಕೆ ತರುವುದೇ ಅದರ ಮೂಲ ಬುದ್ಧಿ. ನಿಕಾಹಿನ ಸಭೆ ಎಂದುಕೊಳ್ಳಿ: ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ಟೋಪಿ. ಕ್ಯಾಮೆರಾ ಇಷ್ಟೊಂದು ಬಿಳಿ ಕಂಡು ಗಾಬರಿಯಾಗಿ ಇಡೀ ಚಿತ್ರವನ್ನು ಕುಗ್ಗಿಸುತ್ತದೆ. ಮುಖಗಳು ಮಸಿಯಾಗುತ್ತವೆ. ಹೆಂಗಸರ ಕಡೆ ತಿರುಗಿ: ಕಪ್ಪು ಬುರ್ಖಾಗಳು. ಇಷ್ಟೊಂದು ಕಪ್ಪು ಕಂಡು ಅದು ಬೆಳಕನ್ನು ಏರಿಸುತ್ತದೆ. ಯಾರೂ ತಿದ್ದದೆಯೇ ಮುಖಗಳು ಸುಣ್ಣವಾಗುತ್ತವೆ. ಒಂದೇ ತಾಯಿಯ ಮಕ್ಕಳಾದ ಅಣ್ಣ ಮಸಿ, ತಂಗಿ ಸುಣ್ಣ! ಈಗಿನ ಫೋನುಗಳು ಮುಖವನ್ನು ಹುಡುಕಿ ಬೆಳಕು ಅಳೆಯುವುದರಿಂದ ಈ ಅನ್ಯಾಯ ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಬೆಳಕು ಇನ್ನೂ ಕಡಿಮೆಯಾದರೆ ಫೋನು ತನ್ನ ಸಂವೇದನೆಯನ್ನು ಏರಿಸುತ್ತದೆ. ಆಗ ಚಿತ್ರದ ತುಂಬ ಮರಳು ಚೆಲ್ಲಿದಂತೆ ಕಾಳುಕಾಳು. ಆ ಮರಳನ್ನು ಗುಡಿಸಲು ಅದು ಚಿತ್ರವನ್ನು ತಾನೇ ಉಜ್ಜುತ್ತದೆ. ಉಜ್ಜುವಾಗ ಮರಳು ಯಾವುದು, ಚರ್ಮದ ರಂಧ್ರ ಯಾವುದು, ಮುದುಕಿಯ ಕೆನ್ನೆಯ ಗೆರೆ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎಲ್ಲವೂ ನುಣ್ಣಗೆ. ಅದರ ಮೇಲೆ ನಮ್ಮವರು ಕತ್ತಲೆಯನ್ನು ಎತ್ತುತ್ತಾರೆ, ಚರ್ಮವನ್ನು ಇನ್ನೊಮ್ಮೆ ನುಣುಪು ಮಾಡುತ್ತಾರೆ, ಬಿಳುಪು ಸುರಿಯುತ್ತಾರೆ. ಮುಖದಲ್ಲಿ ಕೊನೆಗೆ ಉಳಿಯುವುದು ಎರಡು ಕಣ್ಣು ಮತ್ತು ಲಿಪ್ ಸ್ಟಿಕ್.

ಇದಕ್ಕೆ ಪರಿಹಾರ ಲಕ್ಷ ರೂಪಾಯಿಯ ಕ್ಯಾಮೆರಾ ಅಲ್ಲ. ನೇತ್ರಾವತಿಯ ಆಚೆ ದಡದ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಶುರುವಾದ ಮಂಗಳೂರು ಹೆಂಚಿನ ಮಾಡುಗಳ ಕೆಳಗೆ ನಮ್ಮ ಹಿರಿಯರು ಬದುಕಿದರು. ಆ ಹೆಂಚುಗಳ ನಡುವೆ ಒಂದೋ ಎರಡೋ ಗಾಜಿನ ಹೆಂಚು. ಮಧ್ಯಾಹ್ನ ಅದರಿಂದ ಇಳಿಯುವ ಬೆಳಕಿನ ಕೋಲಿನಲ್ಲಿ ಬೀಡಿ ತಂಬಾಕಿನ ಧೂಳು ತೇಲುವುದನ್ನು ನೋಡುತ್ತ ನಾವು ಉರ್ದು ಅಕ್ಷರ ತಿದ್ದಿದವರು. ಬೀಡಿ ಕಟ್ಟುವ ಹೆಂಗಸರನ್ನು ಗಮನಿಸಿ, ಅವರು ಕೋಣೆಯ ನಡುವೆ ಕೂರುವುದಿಲ್ಲ. ಬಾಗಿಲ ಬಳಿ, ಬೆಳಕಿಗೆ ಓರೆಯಾಗಿ ಮೊರ ಇಟ್ಟುಕೊಂಡು ಕೂರುತ್ತಾರೆ. ಬೆಳಕನ್ನು ಹೇಗೆ ಬಳಸಬೇಕೆಂದು ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಫೋಟೋ ತೆಗೆಯುವವನು ಮಾಡಬೇಕಾದದ್ದೂ ಅಷ್ಟೇ. ಟ್ಯೂಬ್ ಲೈಟ್ ಆರಿಸಿ. ಅದರ ಬೆಳಕಿಗೂ ಹಗಲಿನ ಬೆಳಕಿಗೂ ಬಣ್ಣ ಬೇರೆ, ಎರಡೂ ಬೆರೆತರೆ ಯಾವ ಚರ್ಮವೂ ರೋಗಿಯದ್ದಾಗಿ ಕಾಣುತ್ತದೆ. ಮನುಷ್ಯನನ್ನು ಬಾಗಿಲ ಹತ್ತಿರಕ್ಕೆ ಕರೆಯಿರಿ, ಮುಖದ ಮೇಲೆ ಬೆರಳೊತ್ತಿ ಬೆಳಕನ್ನು ಆ ಮುಖಕ್ಕೇ ಅಳೆಯಿರಿ. ಬಿಳಿ ಬೆಡ್‌ಶೀಟೊಂದನ್ನು ಎದುರು ಬದಿಗೆ ಹಿಡಿದರೆ ನೆರಳು ಬೇಕಷ್ಟೇ ತೆಳುವಾಗುತ್ತದೆ. ಆಮೇಲೆ ತಿದ್ದುವುದಿದ್ದರೆ ತಿದ್ದಿ, ಕೆನ್ನೆಯ ಗೆರೆ ಅಳಿಯುವ ಮೊದಲು ಕೈ ತೆಗೆಯಿರಿ.

ಇಷ್ಟು ಹೇಳಿದರೆ 'ಕತ್ತಲೆ ಫೋಟೋ ಯಾರಿಗೆ ಬೇಕು?' ಎನ್ನುವವರಿದ್ದಾರೆ. ಅವರಿಗೆ ಇಬ್ಬರ ಹೆಸರು ಹೇಳುತ್ತೇವೆ. ಒಬ್ಬರು ಮೈಸೂರಿನ ವಿ.ಕೆ. ಮೂರ್ತಿ. ಗುರುದತ್ತರ 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ, ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಖಾಲಿ ಸ್ಟುಡಿಯೋದ ಕತ್ತಲೆಗೆ ಕೋಲಿನಂತೆ ಇಳಿಸಿದವರು. ನಮ್ಮ ಗಾಜಿನ ಹೆಂಚಿನ ಕೆಲಸವನ್ನೇ ಅವರು ಮಾಡಿದ್ದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಇನ್ನೊಬ್ಬರು ನ್ಯೂಯಾರ್ಕಿನ ರಾಯ್ ಡೆಕರಾವಾ. ಹಾರ್ಲೆಮಿನ ಕಪ್ಪು ಜನರನ್ನು ಅವರ ಅಡುಗೆಮನೆಗಳಲ್ಲಿ, ಇದ್ದ ಬೆಳಕಿನಲ್ಲೇ ತೆಗೆದವರು. ಅವರ ಮುದ್ರಣಗಳಲ್ಲಿ ಕಪ್ಪಿನೊಳಗೆ ಕಪ್ಪು, ಅದರೊಳಗೆ ಇನ್ನೊಂದು ಕಪ್ಪು. ಯಾರನ್ನೂ ಬೆಳ್ಳಗೆ ಮಾಡಲಿಲ್ಲ. ಆ ಚಿತ್ರಗಳಿಗೆ ಲ್ಯಾಂಗ್‌ಸ್ಟನ್ ಹ್ಯೂಸ್ ಕಥೆ ಬರೆದು 1955ರಲ್ಲಿ ಪುಸ್ತಕವಾಯಿತು. ಕತ್ತಲೆ ಫೋಟೋ ಯಾರಿಗೆ ಬೇಕು ಎಂಬುದಕ್ಕೆ ಉತ್ತರ: ಕತ್ತಲೆ ಕೋಣೆಗಳಲ್ಲಿ ಬದುಕಿದವರ ಮಕ್ಕಳಿಗೆ ಬೇಕು.

ಈಗ ನಮ್ಮವರ ವಿಷಯ. ವಿದಾಯ ಭಾಷಣದಲ್ಲಿ ಪ್ರವಾದಿಯವರು ಬಿಳಿಯನಿಗೆ ಕರಿಯನ ಮೇಲೆ ಹೆಚ್ಚುಗಾರಿಕೆ ಇಲ್ಲವೆಂದು ಸಾರಿದ್ದನ್ನು ವೇದಿಕೆ ಸಿಕ್ಕಿದಲ್ಲೆಲ್ಲ ನೆನಪಿಸುತ್ತೇವೆ. ಮಕ್ಕಾ ವಿಜಯದ ದಿನ ಕಾಬಾದ ಮೇಲೇರಿ ಬಾಂಗ್ ಕೊಟ್ಟ ಹಜ್ರತ್ ಬಿಲಾಲರ ಕಥೆ ಹೇಳಿ ಕಣ್ಣೀರು ಹಾಕುತ್ತೇವೆ, ಮಕ್ಕಳಿಗೆ ಆ ಹೆಸರಿಡುತ್ತೇವೆ. ಸಭೆ ಮುಗಿಸಿ ಮನೆಗೆ ಬಂದು ಮಗನಿಗೆ ಹೆಣ್ಣು ನೋಡಲು ಹೊರಟಾಗ ಮೊದಲ ಪ್ರಶ್ನೆ: "ಬಣ್ಣ ಹೇಗೆ?" ಮಾರುಕಟ್ಟೆಗೂ ನಮಗಿಂತ ಹೆಚ್ಚು ಅಂಜಿಕೆ ಇದೆ. 1975ರಲ್ಲಿ ಶುರುವಾದ ಫೇರ್ ಅಂಡ್ ಲವ್ಲಿ 2020ರಲ್ಲಿ ಜನರ ಟೀಕೆಗೆ ಹೆದರಿ ಹೆಸರಿನಿಂದ 'ಫೇರ್' ಎಂಬುದನ್ನು ಕಿತ್ತು ಹಾಕಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಚರ್ಮದ ಬಣ್ಣದ ಸೋಸುಗವನ್ನು ತೆಗೆಯಿತು. ಡಬ್ಬಿಯಲ್ಲಿರುವುದು ಬದಲಾಯಿತೇ ಎಂದು ಕೇಳಬೇಡಿ, ಹೆಸರಿಗಾದರೂ ನಾಚಿದರು. ನಮ್ಮ ಮದುವೆ ದಲ್ಲಾಳಿಗಳ ವಾಟ್ಸಪ್ ಬಳಗಗಳಲ್ಲಿ 'ಬೆಳ್ಳಗಿನ, ತೆಳ್ಳಗಿನ, ದೀನೀ ಮನೋಭಾವದ' ಎಂಬ ಕ್ರಮ ಇಂದಿಗೂ ತಪ್ಪಿಲ್ಲ. ದೀನ್ ಮೂರನೆಯ ಸ್ಥಾನದಲ್ಲಿದೆ, ಗಮನಿಸಿ.

ಕಥೆಗಾರರಾದ ನಾವು ಇದರಿಂದ ಹೊರಗಿಲ್ಲ. ಉರ್ದು ಓದಿದವರ ನಾಲಿಗೆಯ ಮೇಲೆ ಚಂದ್ರನ ಮುಖ ಸದಾ ಕುಳಿತಿರುತ್ತದೆ. ನೂರ್ ಎಂದರೆ ಬೆಳಕು. ಅದು ಯಾವಾಗ ಚರ್ಮದ ಬಿಳುಪಾಯಿತೋ ನಮಗೇ ತಿಳಿಯಲಿಲ್ಲ. ನಮ್ಮ ಮೊದಲ ಸಂಕಲನವನ್ನು ಇತ್ತೀಚೆಗೆ ತೆರೆದು ನೋಡಿದೆವು. ಹನ್ನೊಂದು ಕಥೆಗಳಲ್ಲಿ ಪ್ರೀತಿಗೆ ಪಾತ್ರಳಾದ ಒಬ್ಬಳೂ ಕಪ್ಪಗಿಲ್ಲ. ಕಪ್ಪಗಿದ್ದವಳು ಒಬ್ಬಳಿದ್ದಾಳೆ, ಅವಳು ನೀರು ತರುವವಳು. ಬರೆದದ್ದು ಉಳ್ಳಾಲದಲ್ಲಿ ಕುಳಿತು, ಸುತ್ತ ಕಡಲ ಬಿಸಿಲಿನಲ್ಲಿ ಬೆಂದ ಜನರ ನಡುವೆ!

ಫೋಟೋವೇ ಬೇಡ ಎನ್ನುವ ಹಿರಿಯರ ವಾದವೂ ಇದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಮೊದಲ ದಿನ 'ಬುಲ್ಲಿ ಬಾಯಿ' ಎಂಬ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ಚಿತ್ರಗಳನ್ನು ಹರಾಜಿಗಿಟ್ಟು ಗಹಗಹಿಸಿದವರನ್ನು ಈ ದೇಶ ಕಂಡಿದೆ. ಅದರ ಮೇಲೆ ಯಾವುದೇ ತಾಯಿ ಮಗಳ ಚಿತ್ರ ಹೊರಹೋಗಲು ಹೆದರಿದರೆ ಅವಳ ಹೆದರಿಕೆಗೆ ಕಾರಣವಿದೆ. ಚಿತ್ರ ಯಾರ ಕೈಗೆ ಹೋಗಬೇಕು ಎಂದು ನಿರ್ಧರಿಸುವ ಹಕ್ಕು ಚಿತ್ರದಲ್ಲಿರುವವಳದ್ದು. ಆದರೆ ಅದೇ ಹಕ್ಕಿನ ಇನ್ನೊಂದು ಮಗ್ಗುಲು, ತನ್ನ ಮುಖವನ್ನು ಯಾರೂ ಕೇಳದೆ ಬದಲಿಸಬಾರದು ಎಂಬುದು. ಫೋಟೋ ಬೇಡ ಎಂದು ಗುಡುಗುವ ಮನೆಗಳಲ್ಲೇ ದಲ್ಲಾಳಿಗೆ ಕಳಿಸಲು ಮಗಳ ತಿದ್ದಿದ ಫೋಟೋ ತಯಾರಾಗಿರುತ್ತದೆ ಎಂಬುದನ್ನು ನಾವು ಬಲ್ಲೆವು. ಹೇಗೆ ಬಲ್ಲೆವು ಎಂದರೆ, ತಿದ್ದಿದ ಕೈ ನಮ್ಮದೇ.

ನಾಲ್ಕು ವರ್ಷದ ಹಿಂದಿನ ಮಾತು. ಅಕ್ಕನ ಮಗಳು, ಬಿ.ಎಡ್. ಮುಗಿಸಿದ್ದಳು. ಕುವೈತಿನ ಹುಡುಗನ ಕಡೆಯವರು ಫೋಟೋ ಕೇಳಿದರು. ಸಂಜೆ ಮಳೆ, ಒಳಗೆ ಒಂದೇ ಬಲ್ಬು. ತೆಗೆದದ್ದು ನಾವು. ಅಕ್ಕ ನೋಡಿ "ಸ್ವಲ್ಪ..." ಎಂದಳು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ನಮಗೆ ಅರ್ಥವಾಯಿತು. ಬೆರಳ ತುದಿಯಲ್ಲಿ ಗುಂಡಿಯನ್ನು ಬಲಕ್ಕೆ ಎಳೆದೆವು, ಇನ್ನೂ ಸ್ವಲ್ಪ ಎಳೆದೆವು. ಹುಡುಗಿಗೆ ತೋರಿಸಲೂ ಇಲ್ಲ. ಮುಂದಿನ ವಾರ ಹುಡುಗನ ತಾಯಿ, ಇಬ್ಬರು ಅಕ್ಕಂದಿರು ಬಂದರು. ಬಾಗಿಲಲ್ಲೇ ಮೂವರ ಕಣ್ಣುಗಳು ಒಂದನ್ನೊಂದು ನೋಡಿಕೊಂಡವು. ಚಹಾ ಕುಡಿದರು, ಹಲ್ವ ತಿಂದರು, ಮನೆಯನ್ನು ಹೊಗಳಿದರು. ಮೂರು ದಿನದ ನಂತರ ದಲ್ಲಾಳಿಯಿಂದ ಒಂದು ಸಾಲಿನ ಸಂದೇಶ ಬಂತು.

ನಾವು ಸಮಾಧಾನ ಹೇಳಲು ಹೋದೆವು. ಅವರ ಸಣ್ಣ ಬುದ್ಧಿಯ ಬಗ್ಗೆ, ಸಮಾಜದ ಬಗ್ಗೆ, ಏನೇನೋ ಹೇಳಿದೆವು. ಹುಡುಗಿ ಕೇಳಿಸಿಕೊಂಡು ಅಂದಳು: "ಅವರು ಆಮೇಲೆ ಬೇಡ ಅಂದದ್ದು ಮಾಮ. ಮೊದಲು ನೀವು ಅಂದಿರಿ."

ಆಮೇಲೆ ಬಹಳ ದಿನ ಅವಳು ನಮ್ಮ ಮುಂದೆ ಕ್ಯಾಮೆರಾ ಬಂದರೆ ಎದ್ದು ಹೋಗುತ್ತಿದ್ದಳು. ಈಗ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕಳೆದ ರಮಳಾನಿನಲ್ಲಿ ಹಳೆಯ ಮನೆಯಲ್ಲಿ, ಗಾಜಿನ ಹೆಂಚಿನ ಕೆಳಗೆ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದಾಗ, ತೆಗೆಯಬಹುದೇ ಎಂದು ಕೇಳಿದೆವು. ತಲೆಯೆತ್ತದೆ "ಹ್ಞೂಂ" ಎಂದಳು. ಒಂದೇ ಒಂದು ತೆಗೆದು ಫೋನನ್ನು ಅವಳ ಕೈಗೇ ಕೊಟ್ಟೆವು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು, ಕೆನ್ನೆ, ಕಣ್ಣ ಕೆಳಗಿನ ನೆರಳು, ಬೆರಳಿನ ಕೆಂಪು ಶಾಯಿ. ತನ್ನ ಫೋನಿಗೆ ಕಳಿಸಿಕೊಂಡು ಮತ್ತೆ ಪೇಪರು ತಿದ್ದತೊಡಗಿದಳು.

ಹಳೆಯ ಫೋಟೋ ಇನ್ನೂ ದಲ್ಲಾಳಿಯ ಬಳಿ ಇದೆ. ಅಳಿಸಿಬಿಡಿ ಎಂದು ಎರಡು ಸಲ ಕೇಳಿದೆವು. "ಒಳ್ಳೆಯ ಫೋಟೋ, ಇರಲಿ ಬಿಡಿ" ಎನ್ನುತ್ತಾನೆ.